ಎಳೆಯದಿದ್ದರೆ ಅದೆಂಥ ದೀರ್ಘ?

"ಎಳೀದೇ ಇದ್ರೆ ಅದೆಂಥ ದೀರ್ಘ ಮೇಡಂ?"

ಭಾನುವಾರದಿಂದ ಈ ಪ್ರಶ್ನೆ ನನ್ನ ತಲೆಯೊಳಗೆ ಕೂತಿದೆ. ಬಸ್ಸಿನಲ್ಲಿ, ಅಡುಗೆ ಮಾಡುವಾಗ, ಆಫೀಸಿನ ಮೀಟಿಂಗ್‌ನಲ್ಲಿ ಯಾರೋ ಏನೋ ಹೇಳುತ್ತಿರುವಾಗಲೂ ಅದೇ ಧ್ವನಿ. ನಾವು ಭಾನುವಾರ ಕಲಿಸುವ ಇಂಗ್ಲಿಷ್ ಕ್ಲಾಸಿನಲ್ಲಿ ಅದನ್ನು ಕೇಳಿದವರು ಪೀಣ್ಯದ ಕಡೆ ಗಾರ್ಮೆಂಟ್ಸ್‌ಗೆ ಹೋಗುವ ಒಬ್ಬ ಅಕ್ಕ. ಕನ್ನಡ ಪೇಪರ್ ಸರಾಗವಾಗಿ ಓದುತ್ತಾರೆ. ಇಂಗ್ಲಿಷಿನಲ್ಲಿ ಅಕ್ಷರ ಗೊತ್ತು, ಕೂಡಿಸಿ ಓದಲು ಬರುವುದಿಲ್ಲ.

ಅವತ್ತಿನ ಪಾಠ ಲಾಂಗ್ ವವೆಲ್. ನನ್ನ ಜೊತೆ ಕಲಿಸುವ ಹುಡುಗ "ಲಾಂಗ್ ಅಂದ್ರೆ ನಮ್ಮ ದೀರ್ಘ ಸ್ವರ ಇದೆಯಲ್ಲ, ಅದೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದ. ಬೋರ್ಡಿನ ಮೇಲೆ ಬಿಟ್ (bit) ಅಂತ ಬರೆದ. ಅದರ ಕೊನೆಗೆ ಇಂಗ್ಲಿಷಿನ ಒಂದು ಇ (e) ಅಕ್ಷರ ಸೇರಿಸಿ, ಈಗ ಇದನ್ನು ಉದ್ದ ಮಾಡಿ ಓದಿ ಅಂದ. ಅಕ್ಕ ಓದಿದರು: "ಬೀಟ್." ಅವನು ತಲೆ ಅಲ್ಲಾಡಿಸಿದ. "ಅಲ್ಲ, ಬೈಟ್." ಆಗಲೇ ಬಂದಿದ್ದು ಆ ಪ್ರಶ್ನೆ.

ಅವರು ಓದಿದ್ದರಲ್ಲಿ ಏನು ತಪ್ಪಿದೆ ಹೇಳಿ. ಬಳೆಯ ಬ ಎಳೆದರೆ ಬಾಳೆ. ಕೆರೆಯ ಕೆ ಎಳೆದರೆ ಕೇರೆ ಹಾವು. ಸ್ವರ ಅದೇ ಇರುತ್ತದೆ, ಬಾಯಿ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ, ಹೊತ್ತು ಮಾತ್ರ ಜಾಸ್ತಿ. ಒಂದು ಮಾತ್ರೆ ಎರಡಾಗುತ್ತದೆ. ಕಾಗುಣಿತ ಸರಿಯಾಗಿ ಕಲಿತವರು ಯಾರೇ ಆದರೂ ಬಿಟ್ ಎಳೆದರೆ ಬೀಟ್ ಅಂತಲೇ ಓದಬೇಕು. ಆದರೆ ಇಂಗ್ಲಿಷಿನಲ್ಲಿ ಕೊನೆಗೆ ಇ ಸೇರಿದರೆ ಟ್ಯಾಪ್ ಹೋಗಿ ಟೇಪ್ ಆಗುತ್ತದೆ, ಹಾಪ್ ಹೋಗಿ ಹೋಪ್ ಆಗುತ್ತದೆ. ಅಲ್ಲಿ ಸ್ವರವೇ ಬೇರೆ. ಅದಕ್ಕೆ ಲಾಂಗ್ ಅನ್ನೋ ಹೆಸರು ಯಾಕೆ?

ಹುಡುಗ "ಅದು ರೂಲ್ ಅಕ್ಕ, ಸುಮ್ನೆ ಬಾಯಿಪಾಠ ಮಾಡ್ಬಿಡಿ" ಅಂದ. ಒಳ್ಳೆಯ ಹುಡುಗನೇ. ರಜೆಯ ದಿನ ಮಲಗದೆ ಬಂದು ಕಲಿಸುತ್ತಾನಲ್ಲ, ಅಷ್ಟು ಸಾಕು. ಆದರೆ ಎಲ್‌ಕೆಜಿಯಿಂದ ಇಂಗ್ಲಿಷಿನಲ್ಲೇ ಓದಿದವರಿಗೆ ಆ ಸ್ಪೆಲ್ಲಿಂಗ್ ವಿಚಿತ್ರ ಅನ್ನಿಸುವುದೇ ಇಲ್ಲ, ಹಾಗಾಗಿ ವಿಚಿತ್ರ ಅನ್ನಿಸಿದವರು ಅವರ ಕಣ್ಣಿಗೆ ದಡ್ಡರಾಗಿ ಕಾಣುತ್ತಾರೆ. ಈ ಅಕ್ಕನ ಮಗಳೂ ಹಾಗೇ ಅಂತೆ. ಅಮ್ಮ ಬೋರ್ಡ್ ಓದಲು ಹೋದರೆ "ಅಯ್ಯೋ ಸುಮ್ನಿರಮ್ಮ" ಅನ್ನುತ್ತಾಳಂತೆ. ಎಂಟನೇ ಕ್ಲಾಸಿನ ಹುಡುಗಿಗೆ ಇಷ್ಟು ಧಿಮಾಕು ಎಲ್ಲಿಂದ ಬರುತ್ತದೋ!

ತಮಾಷೆ ಏನೆಂದರೆ ಅಕ್ಕ ಓದಿದ ಬೀಟ್ ಒಂದು ಕಾಲದಲ್ಲಿ ಸರಿಯಾಗಿಯೇ ಇತ್ತು, ಅವರು ಸುಮಾರು 600 ವರ್ಷ ತಡವಾಗಿ ಓದಿದರು ಅಷ್ಟೇ. ಹಳೆಯ ಇಂಗ್ಲಿಷಿನವರು ಅದನ್ನು ಈಕಾರ ಎಳೆದೇ ಹೇಳುತ್ತಿದ್ದರು. ನೇಮ್ ಅನ್ನುವುದು ಅವರ ಬಾಯಲ್ಲಿ ಹೆಚ್ಚುಕಡಿಮೆ ನಮ್ಮ ನಾಮದ ಹಾಗೇ ಕೇಳುತ್ತಿತ್ತು, ಕೊನೆಯ ಇ ಅಕ್ಷರಕ್ಕೂ ಆಗ ಸಣ್ಣದೊಂದು ಸದ್ದಿತ್ತು. ಆಮೇಲೆ ಆ ಸದ್ದು ಉದುರಿತು. ಸುಮಾರು 1400ರಿಂದ 1700ರವರೆಗೆ ಅವರ ದೀರ್ಘ ಸ್ವರಗಳೆಲ್ಲ ಬಾಯೊಳಗೆ ಜಾಗ ಬದಲಿಸಿದವು. ಇದರ ನಡುವೆಯೇ, 1476ರಲ್ಲಿ, ಕ್ಯಾಕ್ಸ್‌ಟನ್ ಅನ್ನುವವನು ಇಂಗ್ಲೆಂಡಿನಲ್ಲಿ ಅಚ್ಚುಕೂಟ ಶುರು ಮಾಡಿದ. ಕಾಗುಣಿತ ಅಚ್ಚಿನಲ್ಲಿ ಗಟ್ಟಿಯಾಗುತ್ತಾ ಹೋಯಿತು, ಮಾತು ಮುಂದೆ ಹೋಯಿತು. ಲಾಂಗ್ ಅನ್ನುವ ಹೆಸರು ಆ ಹಳೇ ಕಾಲದ್ದು.

ಇದನ್ನೆಲ್ಲ ಕ್ಲಾಸಿನಲ್ಲಿ ಹೇಳಿದೆ. ಹುಡುಗ ಗಡಿಯಾರ ನೋಡಿದ. ಇವರಿಗೆ ಇತಿಹಾಸ ಯಾಕೆ, ಟ್ಯಾಗ್ ಓದಲು ಬಂದರೆ ಸಾಕಲ್ವಾ ಅನ್ನುವುದು ಅವನ ವಾದ. ಸಾಕು ಅಂತ ತೀರ್ಮಾನಿಸಲು ನಾವ್ಯಾರು? ಅಕ್ಕ ಮಾತ್ರ "ಓ, ಹಂಗಾದ್ರೆ ಅವರೇ ಬದಲಾಯಿಸಿದ್ದು, ನಂದಲ್ಲ ತಪ್ಪು" ಎಂದು ಪಕ್ಕದವರ ತೊಡೆಗೆ ಹೊಡೆದು ನಕ್ಕರು.

ಆಮೇಲೆ ಅವರ ಕೆಲಸದ ಮಾತುಗಳನ್ನೇ ಬೋರ್ಡಿಗೆ ಹಾಕಿದೆವು. ಟೇಪ್, ರೇಟ್, ಲೈನ್, ಸೈಜ್. ದಿನಾ ನೂರು ಸಲ ಆಡುವ ಮಾತುಗಳು. ನಡುವಿನ ಅಕ್ಷರ ಎ, ಐ ಅಂತ ತನ್ನ ಹೆಸರನ್ನೇ ಹೇಳುತ್ತಿದೆ, ಕೇಳಿಸಿಕೊಳ್ಳಿ ಅಂದೆ. ಅಕ್ಕ ಒಂದೊಂದರ ಕೆಳಗೂ ಬೆರಳಿಟ್ಟು ಓದಿದರು, ನಿಂತರು, ಮತ್ತೆ ಓದಿದರು. "ಹೌದಲ್ಲ! ಹಂಗಾದ್ರೆ ದೀರ್ಘ ಅನ್ಬೇಡಿ ಮೇಡಂ. ಹಿಂದೆ ಇ ಬಂದು ನಿಂತ್ರೆ ಮುಂದಿರೋನು ಹೆಸರು ಹೇಳ್ತಾನೆ ಅನ್ನಿ." ಎಲ್ಲರೂ ಅದನ್ನೇ ಪುಸ್ತಕದಲ್ಲಿ ಬರೆದುಕೊಂಡರು. ಹುಡುಗ ಕೂಡ.

ಬುಧವಾರ ರಾತ್ರಿ ವಾಟ್ಸಾಪ್‌ನಲ್ಲಿ ಅಕ್ಕನ ಧ್ವನಿ. ಹಿಂದೆ ಟಿವಿ ಸದ್ದು, ಮಗಳ ಗೊಣಗಾಟ. "ಮೇಡಂ, ನಾವು ಹೊಲಿಯೋ ಮಕ್ಕಳ ಟೀ ಶರ್ಟ್ ಮೇಲೆ ಲವ್ ಅಂತ ಇರತ್ತೆ. ಕೊನೇಲಿ ಇ ಇದೆ. ನಡುವೆ ಓ ಇದೆ. ಲೋವ್ ಆಗ್ಬೇಕಲ್ವಾ?"

ಇಂಗ್ಲಿಷಿನಲ್ಲಿ ಪದವನ್ನು ವಿ ಅಕ್ಷರದಲ್ಲಿ ನಿಲ್ಲಿಸುವ ರೂಢಿ ಇಲ್ಲ, ಅದಕ್ಕೇ ಗಿವ್, ಹ್ಯಾವ್, ಲವ್ ಎಲ್ಲದರ ಹಿಂದೆಯೂ ಸುಮ್ಮನೆ ಒಂದು ಇ ನಿಂತಿರುತ್ತದೆ. ಇದು ನನಗೆ ಗೊತ್ತಿತ್ತು. ಆದರೂ ಉತ್ತರ ಕಳಿಸದೆ ಆ ಮೆಸೇಜನ್ನು ಹುಡುಗನಿಗೆ ಫಾರ್ವರ್ಡ್ ಮಾಡಿದೆ. ಅವನು ನೋಡಿದ್ದಾನೆ, ಇನ್ನೂ ಏನೂ ಬರೆದಿಲ್ಲ.