ಆ ನೀಲಿ ಜಾಗ

ಭಾನುವಾರ ದಾವಣಗೆರೆಗೆ ಬಂದಿದ್ದೆ. ಬೆಣ್ಣೆ ದೋಸೆ ಬರುವ ಮುಂಚೆಯೇ ಅಕ್ಕ ಮೊಬೈಲಿನಲ್ಲಿ ಒಂದು ಬಣ್ಣದ ಚಿತ್ರ ತೆಗೆದು ಮುಂದೆ ಹಿಡಿದಳು. "ನೋಡೋ, ಆಟಿಸಂ ಇರೋ ಮಗು ಮೆದುಳಂತೆ. ನೀಲಿ ಇರೋ ಕಡೆ ರಕ್ತ ಕಡಿಮೆ ಹೋಗುತ್ತಂತೆ." ಯಾವುದೋ ಸೆಂಟರ್‌ನವರು ಕಳಿಸಿದ್ದು. ಮೊದಲು ಸ್ಕ್ಯಾನ್ ಮಾಡಿಸಿ, ಆಮೇಲೆ ಒತ್ತಡದಲ್ಲಿ ಆಕ್ಸಿಜನ್ ತುಂಬಿದ ಚೇಂಬರ್‌ನಲ್ಲಿ ಕೂರಿಸಿ ಅಂತ.

ಅವಳ ಮಗನಿಗೆ ಆರು ವರ್ಷ, ಮಾತು ಬಂದಿಲ್ಲ. ಮಂಡಕ್ಕಿ ಕೊಟ್ಟರೆ ಸಾಲಾಗಿ ಜೋಡಿಸಿ ಆಮೇಲೆ ಒಂದೊಂದೇ ತಿನ್ನುತ್ತಾನೆ.

ನನ್ನ ಕೆಲಸವೇ ಇಂಥ ಸ್ಕ್ಯಾನ್ ರೂಮಿನಲ್ಲಿ, ಸ್ಪೆಕ್ಟ್ ಅಂತಾರೆ ಅದಕ್ಕೆ. ಟೆಕ್ನೀಷಿಯಂ ಅನ್ನೋ ವಿಕಿರಣ ಸೂಸುವ ವಸ್ತು ಸೇರಿಸಿದ ಔಷಧಿಯನ್ನು ರಕ್ತಕ್ಕೆ ಚುಚ್ಚುತ್ತೇವೆ. ಅದರ ವಿಕಿರಣ ಪ್ರತಿ ಆರು ತಾಸಿಗೆ ಅರ್ಧ ಆಗುತ್ತದೆ. ರಕ್ತ ಜಾಸ್ತಿ ಹೋದ ಕಡೆ ಜಾಸ್ತಿ ಸೇರುತ್ತದೆ. ಮಜಾ ಏನು ಗೊತ್ತಾ, ಒಂದೆರಡು ನಿಮಿಷದಲ್ಲೇ ಅದು ಮೆದುಳಲ್ಲಿ ಕಚ್ಚಿಕೊಂಡು ಬಿಡುತ್ತದೆ, ಹಾಗಾಗಿ ಆಮೇಲೆ ಮಗುವನ್ನು ಮಲಗಿಸಿ ಫೋಟೋ ತೆಗೆದರೂ ಕಾಣುವುದು ಸೂಜಿ ಚುಚ್ಚಿದ ಹೊತ್ತಿನ ಮೆದುಳೇ. ಆಗ ಮಗು ಹೆದರಿ ಕಿರುಚುತ್ತಿದ್ದರೆ? ಅದೂ ಚಿತ್ರದಲ್ಲಿ ಬಂದಿರುತ್ತದೆ. ನೀಲಿ, ಕೆಂಪು ಅನ್ನೋದು ಕಂಪ್ಯೂಟರ್‌ನಲ್ಲಿ ನಾವು ಹಾಕುವ ಬಣ್ಣ. ಅಳತೆ ಸ್ವಲ್ಪ ಎಳೆದರೆ ಯಾರ ಮೆದುಳಲ್ಲೂ ನೀಲಿ ತೋರಿಸಬಹುದು!

ಹಾಗಂತ ರಕ್ತದ ಮಾತು ಪೂರ್ತಿ ಸುಳ್ಳಲ್ಲ. 2000ರಲ್ಲಿ ಫ್ರಾನ್ಸಿನ ಒಂದು ತಂಡ 21 ಆಟಿಸಂ ಮಕ್ಕಳಿಗೆ ಪೆಟ್ ಅನ್ನೋ, ಇದೇ ಥರ ರಕ್ತದ ಹರಿವು ತೋರಿಸುವ ಸ್ಕ್ಯಾನ್ ಮಾಡಿ, ಕಿವಿಯ ಹತ್ತಿರದ ಟೆಂಪೊರಲ್ ಭಾಗದಲ್ಲಿ, ಎರಡೂ ಕಡೆ, ರಕ್ತದ ಹರಿವು ಕಡಿಮೆ ಇರುವುದನ್ನು ಕಂಡಿತು. ಮಾತು ಅರ್ಥ ಮಾಡಿಕೊಳ್ಳುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಜಾಗ ಅದು. ಆದರೆ ಅದು ಗುಂಪಿನ ಲೆಕ್ಕ, ಪ್ರತಿ ಮಗುವಲ್ಲೂ ಹಾಗೇ ಇರುತ್ತದೆ ಅಂತಲ್ಲ. ಆ ಜಾಗಕ್ಕೆ ಕೆಲಸ ಕಡಿಮೆ ಇದ್ದರೂ ರಕ್ತ ಕಡಿಮೆ ಹೋಗುತ್ತದೆ, ನಲ್ಲಿ ಕಟ್ಟಿಕೊಂಡಿದೆ ಅಂತಲ್ಲ. ಈಗಲೂ ಡಾಕ್ಟರು ಆಟಿಸಂ ಹೌದೋ ಅಲ್ಲವೋ ಹೇಳುವುದು ಮಗುವಿನ ನಡವಳಿಕೆ ನೋಡಿ, ಮನೆಯವರನ್ನು ಕೇಳಿ. ಸ್ಕ್ಯಾನ್ ನೋಡಿ ಅಲ್ಲ.

ಆಕ್ಸಿಜನ್ ಚೇಂಬರ್ ಕಥೆಯೂ ಅಷ್ಟೇ. ಆಟಿಸಂಗೆ ಅದನ್ನು ತಾನು ಒಪ್ಪಿಲ್ಲ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ಎಚ್ಚರಿಸಿದೆ.

ಇಷ್ಟೆಲ್ಲ ಹೇಳಿ ಮುಗಿಸುವಷ್ಟರಲ್ಲಿ ದೋಸೆ ಆರಿತ್ತು. "ಆ ದುಡ್ಡಲ್ಲಿ ಸ್ಪೀಚ್ ಥೆರಪಿಗೆ ತಪ್ಪದೆ ಹೋಗಕ್ಕಾ" ಅಂದೆ. ಅಕ್ಕ ಸುಮ್ನೆ ಪ್ಲೇಟ್ ನೋಡುತ್ತಾ ಕೂತಳು. ಆಮೇಲೆ ಹೇಳಿದಳು, ಐದು ಸಾವಿರ ಮುಂಗಡ ಕಟ್ಟಿ ಆಗಿದೆಯಂತೆ. ಎರಡು ದಿನದಿಂದ ವಾಪಸ್ ಕೇಳೋಣ ಅಂತ ಫೋನ್ ಮಾಡುತ್ತಿದ್ದೇನೆ. ಎತ್ತುತ್ತಿಲ್ಲ.