ಮಡಕೆ ಚೂರಿನ ಮೇಲೆ ನಂಬರು ಬರೆಯುವುದೇಕೆ?

“ಅಲ್ಲ ಮಾರಾಯ್ರೇ, ಎರಡು ಸಾವಿರ ವರ್ಷದ ಹಿಂದಿನ ಮಡಕೆ ಅಂತೀರಿ, ಅದರ ಮೇಲೇ ನಂಬರು ಗೀಚ್ತೀರಲ್ಲ, ಹಾಳಾಗಲ್ವ? ಒಂದು ಚೀಟಿ ಇಟ್ರೆ ಸಾಲದಾ?” ಶಿವಮೊಗ್ಗದಲ್ಲಿ ನಾನು ಉತ್ಖನನದ ವಸ್ತುಗಳಿಗೆ ಸಂಖ್ಯೆ ಹಾಕುವ ಕೆಲಸದಲ್ಲಿದ್ದೇನೆಂದು ತಿಳಿದವರು, ಮದುವೆ ಮನೆಯ ಪಂಕ್ತಿಯಲ್ಲಿ ಕುಳಿತಿದ್ದರೂ ಸರಿ, ಇದನ್ನು ಕೇಳದೆ ಬಿಡುವುದಿಲ್ಲ.

ಚೀಟಿಯ ವಿಷಯವನ್ನು ಮೊದಲು ಹೇಳುತ್ತೇನೆ. ಮಲೆನಾಡಿನ ಮಳೆಗಾಲದಲ್ಲಿ ಕಾಗದವನ್ನು ನಂಬುವಂತಿಲ್ಲ. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಉಗ್ರಾಣದಲ್ಲಿ ಹಳೆಯ ಬಟ್ಟೆ ಚೀಲಗಳನ್ನು ಬಿಚ್ಚಿದೆವು. ಒಳಗಿನ ಚೀಟಿಗಳಲ್ಲಿ ಕೆಲವು ಬೂಷ್ಟು ಹಿಡಿದು ಮುದ್ದೆಯಾಗಿದ್ದವು, ಉಳಿದವನ್ನು ಗೆದ್ದಲು ತಿಂದಿತ್ತು. ಚೂರುಗಳೇನೋ ಅಗೆದು ತೆಗೆದ ದಿನ ಇದ್ದಂತೆಯೇ ಇದ್ದವು, ಆದರೆ ಅವು ಯಾವ ಗುಂಡಿಯವು, ಯಾವ ಸ್ತರದವು, ಅಂದರೆ ಮಣ್ಣಿನ ಯಾವ ಪದರದವು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿ, ಕೆಳಗೆ ಕಲ್ಲುಕೊಡಲಿಯ ಸಂಸ್ಕೃತಿ, ಅದರ ಮೇಲೆ ದೊಡ್ಡ ಕಲ್ಲುಗಳಿಂದ ಗೋರಿ ಕಟ್ಟುತ್ತಿದ್ದವರ ಬೃಹತ್ ಶಿಲಾ ಸಂಸ್ಕೃತಿ, ಅದಕ್ಕೂ ಮೇಲೆ ತಾವು ‘ಆಂಧ್ರ’ ಎಂದು ಕರೆದ ಶಾತವಾಹನರ ಕಾಲದ ಸಂಸ್ಕೃತಿ ಎಂಬ ಅನುಕ್ರಮವನ್ನು ಗುರುತಿಸಿದ್ದು, ಯಾವ ಚೂರು ಯಾವ ಸ್ತರದ್ದು ಎಂಬ ಲೆಕ್ಕ ಕೈಯಲ್ಲಿದ್ದುದರಿಂದಲೇ. ಆ ಲೆಕ್ಕ ತಪ್ಪಿದ ಚೂರಿಗೂ ಹಿತ್ತಿಲಲ್ಲಿ ಬಿದ್ದ ಒಡಕು ಮಡಕೆಗೂ ನಮ್ಮ ಮಟ್ಟಿಗೆ ಹೆಚ್ಚು ವ್ಯತ್ಯಾಸವಿಲ್ಲ. ಆದ್ದರಿಂದಲೇ ನೆಲೆಯ ಸಂಕೇತ, ಅಗೆದ ವರ್ಷ, ಗುಂಡಿ, ಸ್ತರ ಮತ್ತು ಕ್ರಮಸಂಖ್ಯೆ ಇವಿಷ್ಟನ್ನೂ ಚೂರೇ ಹೊತ್ತುಕೊಂಡಿರಬೇಕು. ಚೀಲದಲ್ಲಿ ಚೀಟಿಯೂ ಇರುತ್ತದೆ, ದಾಖಲೆ ಪುಸ್ತಕವೂ ಇರುತ್ತದೆ, ಅದು ಬೇರೆ ಮಾತು.

ಇನ್ನು ಹಾಳಾಗುವ ಪ್ರಶ್ನೆ. ನಾವು ಮಡಕೆಯ ಮೈಮೇಲೆ ನೇರವಾಗಿ ಬರೆಯುವುದೇ ಇಲ್ಲ. ತೊಳೆದು ಚೆನ್ನಾಗಿ ಒಣಗಿಸಿದ ಚೂರಿನ ಒಳಮೈಯಲ್ಲಿ, ಚಿತ್ತಾರವಾಗಲಿ ಬಾಯಂಚಾಗಲಿ ಇಲ್ಲದ ಕಡೆ, ಬೆರಳುಗುರಿನಷ್ಟು ಜಾಗಕ್ಕೆ ಅಸಿಟೋನ್‌ನಲ್ಲಿ ಕರಗಿಸಿದ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳವನ್ನು ಸವರುತ್ತೇವೆ. ಅದು ಒಣಗಿದ ಮೇಲೆ ಅದರ ಮೇಲೆ ಸಣ್ಣ ಮೊನೆಯ ಪೆನ್ನಿನಿಂದ ಸಂಖ್ಯೆ, ಆಮೇಲೆ ಇನ್ನೊಂದು ಲೇಪ. ಈ ಎರಡನೆಯ ಲೇಪವನ್ನು ಒಂದೇ ಎಳೆತಕ್ಕೆ ಮುಗಿಸಬೇಕು. ಕುಂಚವನ್ನು ಹಿಂದೆ ಮುಂದೆ ಆಡಿಸಿದರೆ ಅಸಿಟೋನ್ ಕೆಳಗಿನ ಪದರವನ್ನೂ ಕರಗಿಸಿ ಅಕ್ಷರವೆಲ್ಲ ಹರಡಿಹೋಗುತ್ತದೆ. ಕಪ್ಪು-ಕೆಂಪು ಮಡಕೆಯ ಒಳಮೈ ಕಪ್ಪಾಗಿರುವುದರಿಂದ ಅಲ್ಲಿ ಬಿಳಿ ಶಾಯಿಯೇ ಬೇಕು. ಒಡೆದ ಅಂಚನ್ನು ಮುಟ್ಟುವಂತಿಲ್ಲ, ಏಕೆಂದರೆ ನಾಳೆ ಅದರ ಜೋಡಿ ಚೂರು ಸಿಕ್ಕರೆ ಎರಡೂ ಕೂಡಬೇಕಾದದ್ದು ಅಲ್ಲಿಯೇ. ಸಂಖ್ಯೆಯ ಕೆಳಗೆ ತಪ್ಪದೆ ಒಂದು ಗೆರೆ ಎಳೆಯುತ್ತೇವೆ: ಚೂರಿಗೆ ಮೇಲೆ ಕೆಳಗೆಂಬುದಿಲ್ಲ, ತಿರುಗಿಸಿ ಹಿಡಿದರೆ 61 ಎಂಬುದು 19 ಆಗುತ್ತದೆ. ಈ ಗೆರೆಯನ್ನು ಮರೆತು ನಾನೊಮ್ಮೆ ಅರ್ಧ ದಿನ ದಾಖಲೆ ಪುಸ್ತಕದ ಮುಂದೆ ತಲೆ ಕೆರೆದುಕೊಂಡಿದ್ದೇನೆ.

ಉಗುರು ಬಣ್ಣ ಹಚ್ಚಿದರೆ ಸಾಕಲ್ಲವೇ ಎನ್ನುವವರೂ ಇದ್ದಾರೆ. ಅದು ಕಾಲಕ್ರಮದಲ್ಲಿ ಹಳದಿಯಾಗಿ ಚಕ್ಕೆ ಏಳುತ್ತದೆ, ಜೊತೆಗೆ ಸಂಖ್ಯೆಯೂ ಹೋಗುತ್ತದೆ. ನಮ್ಮ ಬಿ-72ಗೂ ಆಷಾಢದಲ್ಲಿ ಒಂದು ರಗಳೆಯಿದೆ. ಅಸಿಟೋನ್ ಬೇಗನೆ ಆರುವಾಗ ಆ ಜಾಗ ತಣ್ಣಗಾಗಿ ಗಾಳಿಯ ಪಸೆಯನ್ನು ಎಳೆದುಕೊಂಡು ಲೇಪ ಹಾಲಿನಂತೆ ಬೆಳ್ಳಗಾಗುತ್ತದೆ. ಜಡಿಮಳೆ ಹಿಡಿದ ವಾರಗಳಲ್ಲಿ ನಾವು ತೊಳೆಯುವುದು, ವಿಂಗಡಿಸುವುದಷ್ಟನ್ನೇ ಮಾಡಿ, ಬರೆಯುವುದನ್ನು ಹೊಳವಾಗುವವರೆಗೆ ಮುಂದೂಡುತ್ತೇವೆ.

ತುಕ್ಕು ಹಿಡಿದ ಕಬ್ಬಿಣ, ಸಣ್ಣ ಮಣಿ, ಮರ ಇವುಗಳ ಮೇಲೆ ಬರೆಯುವುದಿಲ್ಲ. ಅವಕ್ಕೆ ದಾರದಲ್ಲಿ ಕಟ್ಟಿದ ಬಿಲ್ಲೆ ಅಥವಾ ಸಂಖ್ಯೆ ಬರೆದ ಡಬ್ಬಿ. ಕಾಲನಿರ್ಣಯಕ್ಕೆ ಕಳುಹಿಸುವ ಇದ್ದಿಲಿಗಂತೂ ರಾಳ, ಶಾಯಿ ಯಾವುದೂ ಸೋಕಬಾರದು.

ಇಷ್ಟು ಹೇಳಿದರೂ ಒಪ್ಪದವರು ಪ್ರಯೋಗಾಲಯಕ್ಕೆ ಬಂದರೆ, ಹೊಸಬರು ಬರೆದು ಕೈ ಪಳಗಿಸಿಕೊಳ್ಳುವ ಮಂಗಳೂರು ಹಂಚಿನ ಚೂರುಗಳಲ್ಲಿ ಒಂದನ್ನೂ ಅಸಿಟೋನ್‌ನಲ್ಲಿ ಅದ್ದಿದ ಹತ್ತಿಯನ್ನೂ ಅವರ ಕೈಗೇ ಕೊಡುತ್ತೇನೆ. ನಾಲ್ಕು ಸಲ ಒರೆಸುವಷ್ಟರಲ್ಲಿ ಸಂಖ್ಯೆ ಹತ್ತಿಗೆ ಬಂದಿರುತ್ತದೆ, ಹಂಚು ಬರಿದಾಗಿರುತ್ತದೆ.