ಮಂಗಳದಲ್ಲಿ ಚಿನ್ನ ಸಿಕ್ಕಿತಾ ಎಂದು ಕೇಳುವವರಿಗೆ

ಇಲ್ಲ, ಸಿಕ್ಕಿಲ್ಲ. ಮಂಗಳ ಗ್ರಹದ ಮೇಲೆ ಓಡಾಡುವ ರೋವರ್ ಗಾಡಿಗಳು ಅದಕ್ಕಾಗಿ ಹೋಗಿಯೂ ಇಲ್ಲ. ಮಂಗಳದ ಖನಿಜಗಳ ಮೇಲೆ ಕೆಲಸ ಮಾಡುತ್ತೇನೆ ಎಂದ ಕೂಡಲೇ ಪುಣೆಯ ನಮ್ಮ ಕನ್ನಡದವರು ಕೇಳುವುದು ಇದನ್ನೇ. ಕೇಳಿ ಕೇಳಿ ಸಾಕಾಗಿದೆ.

ರಾಜ್ಯೋತ್ಸವದ ಊಟದಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. "ಏನವಾ, ಫೋಟೋ ನೋಡಿ ಇದು ಇಂಥಾ ಕಲ್ಲು ಅಂತೀರಿ. ಬರೇ ಅಂದಾಜ ಅಲ್ಲೇನು?" ಹೋಳಿಗೆ ಬಿಟ್ಟು ವಾದಕ್ಕೆ ಕೂತೆ.

ಅಂದಾಜಲ್ಲ ಕಾಕಾ. 2013ರ ಫೆಬ್ರವರಿಯಲ್ಲಿ ಕ್ಯೂರಿಯಾಸಿಟಿ ರೋವರ್ ಗೇಲ್ ಕುಳಿಯಲ್ಲಿ ಬಂಡೆ ಕೊರೆಯಿತು. ತೂತಿನ ಆಳ 6.4 ಸೆಂಟಿಮೀಟರ್, ಅಷ್ಟೇ. ಮೇಲೆಲ್ಲ ಕೆಂಪು ಧೂಳು, ಒಳಗಿಂದ ಬಂದ ಪುಡಿ ಬೂದು ಬಣ್ಣ. ರೋವರ್ ಅದನ್ನು ಜರಡಿ ಹಿಡಿದು, ಚಿಟಿಕೆಯಷ್ಟನ್ನು ಕೆಮಿನ್ ಎಂಬ ಉಪಕರಣದ ಪುಟ್ಟ ಗೂಡಿಗೆ ಹಾಕಿತು. ಕಣಗಳು ಎಲ್ಲ ದಿಕ್ಕಿಗೂ ಹೊರಳಲಿ ಅಂತ ಆ ಗೂಡು ಗಡಗಡ ನಡುಗುತ್ತದೆ. ಆಗ ಎಕ್ಸ್-ರೇ ಹಾಯಿಸಿದರೆ ಆಚೆ ಬದಿಯಲ್ಲಿ ಉಂಗುರಗಳು ಮೂಡುತ್ತವೆ. ಹರಳಿನೊಳಗೆ ಪರಮಾಣು ಸಾಲುಗಳ ನಡುವೆ ಎಷ್ಟು ಅಂತರವೋ ಅದಕ್ಕೆ ತಕ್ಕ ಉಂಗುರ. ಖನಿಜ ಬೇರೆಯಾದರೆ ಉಂಗುರವೂ ಬೇರೆ.

ಕ್ಯೂರಿಯಾಸಿಟಿ ಕಲ್ಲಿಗೆ ಲೇಸರ್ ಹೊಡೆದೂ ನೋಡುತ್ತದೆ, ಆದರೆ ಆ ಲೇಸರ್ ಹೇಳುವುದು ಯಾವ ಧಾತುಗಳಿವೆ ಎಂದು ಮಾತ್ರ. ವಜ್ರವೂ ಇಂಗಾಲ, ಪೆನ್ಸಿಲ್ ಕಡ್ಡಿಯ ಗ್ರಾಫೈಟೂ ಇಂಗಾಲ ಅಲ್ವಾ? ಧಾತು ಒಂದೇ, ಖನಿಜ ಬೇರೆ.

ನನ್ನನ್ನು ಕೇಳಬೇಕಾದದ್ದು, ಆ ಕಲ್ಲಿಗೆ ಎಂಥ ನೀರು ತಾಗಿತ್ತು ಅಂತ. ಆ ಬೂದು ಪುಡಿಯಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಜೇಡಿ ಖನಿಜ. ಜಾಸ್ತಿ ಹುಳಿಯಿಲ್ಲದ, ಜೀವಿಗಳು ಬದುಕಬಹುದಾದಂಥ ನೀರಿನಲ್ಲಿ ಅದು ಹುಟ್ಟಿದೆ. ಗ್ರಹದ ಇನ್ನೊಂದು ಕಡೆ ಆಪರ್ಚುನಿಟಿ ರೋವರ್ 2004ರಲ್ಲೇ ಜಾರೋಸೈಟ್ ಎಂಬ ಖನಿಜ ಕಂಡಿತ್ತು. ಅದು ಹುಟ್ಟಲು ಆಮ್ಲದ ನೀರೇ ಬೇಕು. ಮಂಗಳದಲ್ಲಿ ನೀರಿತ್ತು ಎಂದಷ್ಟೇ ಹೇಳಿದರೆ ಸಾಲದು. ಒಂದೊಂದು ಕಡೆ ಒಂದೊಂದು ಥರದ ನೀರಿತ್ತು.

ನಮ್ಮ ಪುಣೆಯಲ್ಲೂ ಕರಿಗಲ್ಲಿನ ಪೊಳ್ಳಿನಲ್ಲಿ ಬಿಳಿ ಹರಳು ಸಿಗುತ್ತವೆ, ಜಿಯೋಲೈಟ್. ಲಾವಾ ಗಟ್ಟಿಯಾದ ಮೇಲೆ ನೀರು ಒಳಗೆ ಜಿನುಗಿ ಕಟ್ಟಿದ್ದು. ಇಷ್ಟು ಹೇಳಿದ್ದೇ ಕಾಕಾ ಕಣ್ಣರಳಿಸಿದರು. "ನಮ್ಮ ಮನಿ ಪಾಯಾ ತೋಡುವಾಗ ಬಂದಿತ್ತಲ್ಲ, ಅದೇನು?" ಅದೇ. ಅಂಥದ್ದೇ ಒಂದು ಖನಿಜ, ಅನಾಲ್ಸೀಮ್, ಮಂಗಳದಲ್ಲೂ ಇದೆ. ಸುತ್ತುವ ನೌಕೆಯಿಂದ ಕಂಡಿದ್ದಾರೆ.

"ಹಂಗಾದ್ರ ಆ ನೀರೆಲ್ಲಾ ಎಲ್ಲಿ ಹೋತು?"

ಒಂದಷ್ಟು ಬಾಹ್ಯಾಕಾಶಕ್ಕೆ ಹಾರಿಹೋಯಿತು. ಒಂದಷ್ಟು ಮಂಜುಗಡ್ಡೆಯಾಗಿದೆ. ಇನ್ನೊಂದಷ್ಟು ಇಂಥ ಖನಿಜಗಳೊಳಗೇ ಸಿಕ್ಕಿಕೊಂಡಿದೆ. ಯಾವುದು ಎಷ್ಟು ಎಂಬುದರ ಮೇಲೆ ಇನ್ನೂ ವಾದ ನಡೆದಿದೆ. ಇದನ್ನು ಕೇಳಿ, ಎಷ್ಟು ಹೊತ್ತಾದರೂ ಕೂತು ಹೇಳುತ್ತೇನೆ.